ದೋಷಯುಕ್ತ ಸರಕಿನಿಂದ ಹಾನಿಯಾದಾಗ: ಗ್ರಾಹಕರಿಗಿರುವ ಕಾನೂನು ರಕ್ಷಣೆ ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

(ಗ್ರಾಮ ಪಂಚಾಯಿತಿಗಳ ಚುನಾಯಿತ ಪ್ರತಿನಿಧಿಗಳ ತರಬೇತಿ ಕಾರ್ಯಕ್ರಮದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮದ ಒಂದು ಮನೆಯಲ್ಲಿ ಬೆಳಗಿನ ಅಡುಗೆಯ ವೇಳೆ ಪ್ರೆಷರ್ ಕುಕ್ಕರ್ ಸಿಡಿದು ಗೃಹಿಣಿಯ ಮುಖ ಮತ್ತು ಕೈಗಳು ಸುಟ್ಟವೆಂದು ಇಟ್ಟುಕೊಳ್ಳಬಹುದು. ಆಸ್ಪತ್ರೆಗೆ ವಾಹನ ಬೇಕೆಂದು ಮೊದಲ ಕರೆ ಹೋಗುವುದು ಬಹುಪಾಲು ಆ ವಾರ್ಡಿನ ಸದಸ್ಯರಿಗೇ. ಸಂಜೆಯ ಹೊತ್ತಿಗೆ ನೆರೆಯವರು ಸೇರಿ ಅಡುಗೆಮನೆಯನ್ನು ಗುಡಿಸಿ ತೊಳೆದಿರುತ್ತಾರೆ. ಸಿಡಿದ ಪಾತ್ರೆಯನ್ನು ಮನೆಯೊಳಗೆ ಇಟ್ಟುಕೊಳ್ಳಬಾರದೆಂದು ಹಿತ್ತಲಿಗೆ ಎಸೆಯಲಾಗುತ್ತದೆ. ಅಲ್ಲಿಂದ ಅದು ಗುಜರಿಯವರ ಗಾಡಿ ಸೇರುತ್ತದೆ. ಅಂಗಡಿಯ ಬಿಲ್ಲು ಎಂದೋ ಕಳೆದುಹೋಗಿರುತ್ತದೆ. ಮೂರನೆಯ ದಿನ ಅಂಗಡಿಯವರನ್ನು ಕರೆಸಿ, ಊರಿನ ಹಿರಿಯರು ಕುಳಿತು, ಒಂದು ಹೊಸ ಕುಕ್ಕರನ್ನೂ ಔಷಧದ ಖರ್ಚಿಗೆಂದು ಸ್ವಲ್ಪ ಹಣವನ್ನೂ ಕೊಡಿಸಿ ಮಾತು ಮುಗಿಸುತ್ತಾರೆ. ಇದರಲ್ಲಿ ಯಾರ ದುರುದ್ದೇಶವೂ ಇರುವುದಿಲ್ಲ. ಆದರೆ ಆ ಗೃಹಿಣಿಗೆ ಕಾನೂನು ಕೊಡಬಹುದಾಗಿದ್ದ ಪರಿಹಾರದ ಬಹುಭಾಗ ಆ ಮೂರು ದಿನಗಳಲ್ಲಿಯೇ ಕೈತಪ್ಪಿರುತ್ತದೆ.

ಈ ವಿಷಯವನ್ನು ವಕೀಲರಿಗೆ ಬಿಟ್ಟುಬಿಡದೆ ಪಂಚಾಯಿತಿ ಸದಸ್ಯರ ಮುಂದೆ ಇಡುತ್ತಿರುವುದಕ್ಕೆ ಕಾರಣ ಇದೇ. ದೋಷಯುಕ್ತ ಸರಕಿನಿಂದ ಪೆಟ್ಟು ತಿಂದವರ ಪರವಾಗಿ ಇಂದು ದೇಶದಲ್ಲಿರುವ ಕಾನೂನು ದುರ್ಬಲವಾದುದಲ್ಲ. ಅದು ಕೆಲಸ ಮಾಡಲು ಬೇಕಾದ ಒಡೆದ ವಸ್ತು, ಬಿಲ್ಲು, ಚೀಟಿ, ಛಾಯಾಚಿತ್ರಗಳು ವಕೀಲರ ಕಚೇರಿಗೆ ಹೋಗುವ ಮೊದಲೇ ಊರಿನಲ್ಲಿ ನಾಶವಾಗುತ್ತವೆ. ಅವು ಉಳಿಯುವಂತೆ ನೋಡಿಕೊಳ್ಳಬಲ್ಲವರು ಮೊದಲು ಸ್ಥಳಕ್ಕೆ ತಲುಪುವವರು ಮಾತ್ರ.

ಭಾರತದ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಪ್ರತಿ ವರ್ಷ ಆ ದಿನವನ್ನು ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುವುದು ಆ ಕಾರಣಕ್ಕೆ. ಆ ಕಾಯ್ದೆಯಲ್ಲಿಯೂ ದೋಷವುಳ್ಳ ಸರಕನ್ನು ಸರಿಪಡಿಸಿಕೊಡುವ, ಬದಲಿಸಿಕೊಡುವ, ಹಣ ಹಿಂದಿರುಗಿಸುವ ಆದೇಶಗಳಿಗೆ ಅವಕಾಶವಿತ್ತು. ಆದರೆ ನಷ್ಟಕ್ಕೆ ಅಥವಾ ಗಾಯಕ್ಕೆ ಪರಿಹಾರ ಬೇಕೆಂದಾಗ ಎದುರುದಾರರ ನಿರ್ಲಕ್ಷ್ಯದಿಂದಲೇ ಅದು ಆಯಿತೆಂಬ ಮಾತು ಕಾಯ್ದೆಯಲ್ಲಿ ಅಡ್ಡ ಬರುತ್ತಿತ್ತು. ದೂರದ ನಗರದ ಕಾರ್ಖಾನೆಯೊಳಗೆ ಯಾವ ದಿನ, ಯಾವ ಯಂತ್ರದ ಬಳಿ, ಯಾರು ಅಜಾಗರೂಕರಾಗಿದ್ದರೆಂದು ಹಳ್ಳಿಯ ಗೃಹಿಣಿ ತೋರಿಸುವುದು ಹೇಗೆ?

ಸಂಸತ್ತು 2019ರಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿತು. 2020ರ ಜುಲೈನಲ್ಲಿ ಅದು ಜಾರಿಗೆ ಬಂದಿತು. ಇದರ 6ನೆಯ ಅಧ್ಯಾಯ ಸಂಪೂರ್ಣ ಹೊಸದು. ಅದರ ಹೆಸರೇ ಉತ್ಪನ್ನ ಹೊಣೆಗಾರಿಕೆ. 82ರಿಂದ 87ರವರೆಗೆ ಆರೇ ಪ್ರಕರಣಗಳಿರುವ ಚಿಕ್ಕ ಅಧ್ಯಾಯವಾದರೂ ಕಾಯ್ದೆಯಲ್ಲಿ ಗ್ರಾಮೀಣ ಜನರಿಗೆ ಇಷ್ಟು ಉಪಯುಕ್ತವಾದ ಭಾಗ ಬೇರೊಂದಿಲ್ಲವೆನ್ನಬಹುದು. 84ನೆಯ ಪ್ರಕರಣವು ತಯಾರಕರು ಹೊಣೆಯಾಗುವ ಐದು ಸಂದರ್ಭಗಳನ್ನು ಹೇಳುತ್ತದೆ. ತಯಾರಿಕೆಯಲ್ಲಿಯೇ ದೋಷವಿರುವುದು, ವಿನ್ಯಾಸವೇ ದೋಷಪೂರಿತವಾಗಿರುವುದು, ತಯಾರಿಕೆಯ ನಿರ್ದಿಷ್ಟ ಅಳತೆ ಮತ್ತು ಗುಣಮಟ್ಟದಿಂದ ವಸ್ತು ದೂರ ಸರಿದಿರುವುದು, ತಯಾರಕರೇ ಕೊಟ್ಟ ಸ್ಪಷ್ಟ ಭರವಸೆಗೆ ವಸ್ತು ತಕ್ಕುದಾಗಿಲ್ಲದಿರುವುದು, ಸರಿಯಾದ ಬಳಕೆಯ ಸೂಚನೆಯನ್ನಾಗಲಿ ತಪ್ಪು ಬಳಕೆಯ ಅಪಾಯದ ಎಚ್ಚರಿಕೆಯನ್ನಾಗಲಿ ಸಾಕಷ್ಟು ಕೊಡದಿರುವುದು. ಈ ಐದರಲ್ಲಿ ಎಲ್ಲಿಯೂ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕೆಂಬ ಷರತ್ತಿಲ್ಲ. ನಾಲ್ಕನೆಯ ಸಂದರ್ಭದಲ್ಲಿಯಂತೂ, ಭರವಸೆ ಕೊಡುವಾಗ ತಾವು ನಿರ್ಲಕ್ಷ್ಯ ತೋರಲಿಲ್ಲ, ಮೋಸವನ್ನೂ ಮಾಡಲಿಲ್ಲ ಎಂದು ತಯಾರಕರು ರುಜುವಾತುಪಡಿಸಿದರೂ ಹೊಣೆ ತಪ್ಪುವುದಿಲ್ಲವೆಂದು ಕಾಯ್ದೆ ನೇರವಾಗಿ ಹೇಳಿದೆ. ವಸ್ತುವಿನಲ್ಲಿ ದೋಷವಿತ್ತು, ಅದರಿಂದ ಹಾನಿಯಾಯಿತು ಎಂಬಿವೆರಡನ್ನು ತೋರಿಸಿದರೆ ದೂರುದಾರರ ಕೆಲಸದ ಮುಖ್ಯ ಭಾಗ ಮುಗಿಯಿತು.

ಹಾನಿ ಎಂಬ ಪದಕ್ಕೆ ಕಾಯ್ದೆ ಕೊಟ್ಟಿರುವ ಅರ್ಥವನ್ನು ಸದಸ್ಯರು ಗಮನಿಸಬೇಕು. ಗಾಯ, ಕಾಯಿಲೆ, ಸಾವು, ಬೇರೆ ಆಸ್ತಿಗೆ ಆದ ನಷ್ಟ, ಇವುಗಳಿಗೆ ಅಂಟಿಕೊಂಡ ಮಾನಸಿಕ ಯಾತನೆ ಇವೆಲ್ಲ ಅದರಲ್ಲಿ ಸೇರುತ್ತವೆ. ಕೆಟ್ಟುಹೋದ ವಸ್ತುವಿನ ಬೆಲೆ ಮಾತ್ರ ಈ ಹಾನಿಯೊಳಗೆ ಬರುವುದಿಲ್ಲ. ಅದನ್ನು ದೋಷಯುಕ್ತ ಸರಕೆಂಬ ಸಾಮಾನ್ಯ ದೂರಿನಲ್ಲಿ ಕೇಳಬೇಕು. ಹೀಗಾಗಿ ಕುಕ್ಕರಿಗೆ ಬದಲಾಗಿ ಕುಕ್ಕರ್ ಕೊಟ್ಟೊಡನೆ ಲೆಕ್ಕ ತೀರಿತೆಂದು ಊರಿನಲ್ಲಿ ಭಾವಿಸುವುದು ಕಾನೂನಿನ ಪ್ರಕಾರ ತಪ್ಪು. ಸುಟ್ಟ ಕೈಯ ಲೆಕ್ಕ ಆಗಿನ್ನೂ ಆರಂಭವೇ ಆಗಿರುವುದಿಲ್ಲ.

ಗ್ರಾಹಕರೆಂದರೆ ಹಣ ಕೊಟ್ಟು ಕೊಂಡವರು ಮಾತ್ರವಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಮಾವ ಕೊಂಡುತಂದ ಕುಕ್ಕರಿನಿಂದ ಸೊಸೆಗೆ ಗಾಯವಾದರೆ ಸೊಸೆ ತನ್ನ ಹೆಸರಿನಲ್ಲಿಯೇ ದೂರು ಕೊಡಬಹುದು. ಗ್ರಾಹಕರು ಮೃತಪಟ್ಟರೆ ವಾರಸುದಾರರಿಗೂ, ಗಾಯಗೊಂಡವರು ಅಪ್ರಾಪ್ತರಾದರೆ ತಂದೆತಾಯಿಗೂ ಆ ಹಕ್ಕು ಇದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಟ್ಟಿದೆಯಾದರೂ, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡದ್ದನ್ನು ವ್ಯಾಪಾರವೆಂದು ಎಣಿಸುವುದಿಲ್ಲ. ಮನೆಯಲ್ಲಿ ಹೊಲಿದು ಬದುಕುವ ಮಹಿಳೆಯ ಹೊಲಿಗೆ ಯಂತ್ರ, ಒಬ್ಬರೇ ನಡೆಸುವ ಹಿಟ್ಟಿನ ಗಿರಣಿಯ ಮೋಟಾರು ಈ ವಿನಾಯಿತಿಗೆ ಒಳಪಡುತ್ತವೆ.

ಮತ್ತೆ ಕುಕ್ಕರಿನ ವಿಷಯಕ್ಕೆ ಬಂದರೆ, ಒಡೆದ ವಸ್ತುವನ್ನು ಕಾಯ್ದಿಡುವುದು ಏಕೆ ಮುಖ್ಯವೆಂಬುದು ಅದರ ರಚನೆಯಿಂದಲೇ ತಿಳಿಯುತ್ತದೆ. ಮನೆಬಳಕೆಯ ಕುಕ್ಕರಿನೊಳಗೆ ಹೊರಗಿನ ಗಾಳಿಗಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಹೆಚ್ಚಿನ ಒತ್ತಡವಿರುತ್ತದೆ. 20 ಸೆಂಟಿಮೀಟರ್ ಅಡ್ಡಳತೆಯ ಮುಚ್ಚಳವೆಂದರೆ ಅದರ ಮೇಲೆ ಬೀಳುವ ಒಟ್ಟು ಒತ್ತು 300 ಕಿಲೋಗ್ರಾಂ ದಾಟುತ್ತದೆ. ಅಂದರೆ ಆರು ಚೀಲ ಸಿಮೆಂಟಿನ ಭಾರ. ಇಷ್ಟನ್ನು ಹಿಡಿದಿಡುವುದು ಮುಚ್ಚಳದ ಅಂಚು ಮತ್ತು ಹಿಡಿ. ಒತ್ತಡ ಮಿತಿ ಮೀರದಂತೆ ಮೊದಲು ವಿಷಲ್ ಉಗಿಯನ್ನು ಬಿಡುತ್ತದೆ. ಬೇಳೆಯೋ ಅಕ್ಕಿಯೋ ಸಿಕ್ಕಿಕೊಂಡು ವಿಷಲಿನ ದಾರಿ ಕಟ್ಟಿದರೆ ಸೇಫ್ಟಿ ವಾಲ್ವಿನ ಒಳಗಿನ ಲೋಹ ಕರಗಿ ಉಗಿಗೆ ಬೇರೆ ದಾರಿ ಬಿಡಬೇಕು. ಸಿಡಿದ ಕುಕ್ಕರಿನ ಸೇಫ್ಟಿ ವಾಲ್ವ್ ಕರಗದೆ ಹಾಗೆಯೇ ಉಳಿದಿದ್ದರೆ ಆ ವಾಲ್ವ್ ಏಕೆ ಕೆಲಸ ಮಾಡಲಿಲ್ಲವೆಂಬ ಪ್ರಶ್ನೆ ಏಳುತ್ತದೆ. ಮುಚ್ಚಳದ ಅಂಚು ಹರಿದಿದ್ದರೆ ಲೋಹದ ದಪ್ಪ, ಗುಣಗಳ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲದ್ದು ಪ್ರಯೋಗಾಲಯ. ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಿ 45 ದಿನಗಳೊಳಗೆ ವರದಿ ತರಿಸಿಕೊಳ್ಳಲು ಕಾಯ್ದೆಯಲ್ಲಿಯೇ ವ್ಯವಸ್ಥೆ ಇದೆ. ಆದರೆ ಗುಜರಿಯಲ್ಲಿ ಕರಗಿಹೋದ ಅಲ್ಯೂಮಿನಿಯಮ್ಮನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸಲಾರದು.

ಇದೇ ವಾಲ್ವ್ ಇನ್ನೊಂದು ಕಡೆಗೂ ಸಾಕ್ಷಿ ಹೇಳಬಹುದು. ಮೂಲ ಸೇಫ್ಟಿ ವಾಲ್ವ್ ಹೋದ ಮೇಲೆ ಬೀದಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಕ್ಕ ಬೇರೊಂದನ್ನು ಹಾಕಿಕೊಳ್ಳುವುದು ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಸಾಮಾನ್ಯ. ಹಾನಿಯಾದ ಸಮಯದಲ್ಲಿ ವಸ್ತುವನ್ನು ದುರ್ಬಳಕೆ ಮಾಡಿದ್ದರೆ, ಮಾರ್ಪಡಿಸಿದ್ದರೆ ಮಾರಾಟಗಾರರ ಮೇಲೆ ಉತ್ಪನ್ನ ಹೊಣೆಗಾರಿಕೆಯ ದೂರು ನಿಲ್ಲದೆಂದು 87ನೆಯ ಪ್ರಕರಣ ಹೇಳುತ್ತದೆ. ತಯಾರಕರೂ ಇದೇ ವಾದವನ್ನು ಹಿಡಿಯುವುದು ಸಹಜ. ಎಲ್ಲರಿಗೂ ತಿಳಿದಿರುವ ಅಪಾಯದ ಬಗ್ಗೆ ಎಚ್ಚರಿಕೆ ಕೊಡಲಿಲ್ಲವೆಂದು ತಯಾರಕರನ್ನು ದೂರಲೂ ಬರುವುದಿಲ್ಲ. ಮದ್ಯದ ಅಮಲಿನಲ್ಲಿ ಬಳಸಿದವರಿಗೂ ಎಚ್ಚರಿಕೆಯ ಕೊರತೆಯ ಈ ವಾದ ದೊರೆಯದು. ಸದಸ್ಯರು ನೊಂದವರಿಗೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಒಳ್ಳೆಯದು. ಸಿಗಲಾರದ ಪರಿಹಾರದ ಆಸೆ ಹುಟ್ಟಿಸಿ ಎರಡು ವರ್ಷ ಅಲೆಸುವುದೂ ಒಂದು ಬಗೆಯ ಹಾನಿಯೇ.

ಮನೆಬಳಕೆಯ ಪ್ರೆಷರ್ ಕುಕ್ಕರುಗಳಿಗೆ ಐಎಸ್‌ಐ ಗುರುತು 2021ರ ಫೆಬ್ರವರಿಯಿಂದ ಕಡ್ಡಾಯವಾಗಿದೆ. ದ್ವಿಚಕ್ರ ವಾಹನ ಸವಾರರ ಹೆಲ್ಮೆಟ್ಟಿಗೆ ಅದೇ ವರ್ಷದ ಜೂನ್‌ನಿಂದ. ನೀರು ಕಾಯಿಸಲು ಬಕೆಟ್ಟಿನಲ್ಲಿ ಇಳಿಬಿಡುವ ಹೀಟರ್ ಕಾಯಿಲ್‌ಗೂ ಈ ಗುರುತು ಬೇಕೇ ಬೇಕು. ಗುರುತಿನ ಜೊತೆ ಪರವಾನಗಿ ಸಂಖ್ಯೆ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ಅದು ನಿಜವೋ ನಕಲಿಯೋ ತಿಳಿಯುತ್ತದೆ. ಗುರುತಿಲ್ಲದ ಹೆಲ್ಮೆಟ್, ಕುಕ್ಕರ್ ಮತ್ತು ಅಡುಗೆ ಅನಿಲ ಸಿಲಿಂಡರುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2021ರ ಡಿಸೆಂಬರಿನಲ್ಲಿ ಸುರಕ್ಷತಾ ಎಚ್ಚರಿಕೆ ಹೊರಡಿಸಿತು. ಮರುವರ್ಷ, ಗುರುತಿಲ್ಲದ ಕುಕ್ಕರುಗಳ ಮಾರಾಟಕ್ಕೆ ಎಡೆಮಾಡಿದ ದೊಡ್ಡ ಆನ್‌ಲೈನ್ ಮಾರಾಟ ತಾಣಗಳಿಗೆ ದಂಡ ವಿಧಿಸಿ, ಕುಕ್ಕರುಗಳನ್ನು ಹಿಂದಕ್ಕೆ ಪಡೆದು ಹಣ ಮರಳಿಸುವಂತೆ ಆದೇಶಿಸಿತು. ಮೊಬೈಲಿನಲ್ಲಿ ತರಿಸಿದ ಸರಕಿಗೆ ಯಾರೂ ಜವಾಬ್ದಾರರಲ್ಲ ಎಂಬ ಮಾತು ಇನ್ನು ನಿಲ್ಲುವುದಿಲ್ಲ.

ವಾರದ ಸಂತೆಯ ಸರಕಿನದು ಬೇರೆಯೇ ತೊಡಕು. ತಯಾರಕರ ಹೆಸರಿಲ್ಲದ ಪ್ಲಗ್ಗು, ಚಾರ್ಜರು, ಕಾಯಿಲ್ಲುಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಸಾಮಾನ್ಯವಾಗಿ ಮಾರಾಟಗಾರರು ತಾವು ಬರಿಯ ಮಾರುವವರೆಂದು ಹೇಳಿ ಪಾರಾಗಲು ನೋಡುತ್ತಾರೆ. ತಯಾರಕರು ಯಾರೆಂದೇ ತಿಳಿಯದಿದ್ದಾಗ, ಅಥವಾ ತಿಳಿದೂ ನೋಟಿಸು ಜಾರಿ ಮಾಡಲಾಗದಿದ್ದಾಗ, ಹೊಣೆ ಮಾರಾಟಗಾರರ ಮೇಲೆಯೇ ಬರುತ್ತದೆಂದು 86ನೆಯ ಪ್ರಕರಣ ಹೇಳುತ್ತದೆ. ವಸ್ತುವನ್ನು ಜೋಡಿಸುವಾಗ ಅಥವಾ ಪರಿಶೀಲಿಸುವಾಗ ತಕ್ಕ ಎಚ್ಚರ ವಹಿಸದ, ತಯಾರಕರ ಎಚ್ಚರಿಕೆಯನ್ನು ಗ್ರಾಹಕರಿಗೆ ದಾಟಿಸದ ಅಂಗಡಿಯವರೂ ಹೊಣೆಗಾರರು. ಬಿಲ್ಲು ಕೊಡದಿರುವುದು, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯದಿರುವುದು ಎರಡೂ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳು. ಮಾರಿದ ಮಾಲನ್ನು ವಾಪಸ್ಸು ಪಡೆಯುವುದಿಲ್ಲವೆಂದು ಗೋಡೆಯ ಮೇಲೆ ಬರೆದ ಮಾತ್ರಕ್ಕೆ ಕಾಯ್ದೆ ಬದಲಾಗುವುದಿಲ್ಲ. ಸಂತೆಯನ್ನು ನಡೆಸುವ ಗ್ರಾಮ ಪಂಚಾಯಿತಿಗಳು ಹರಾಜಿನ ಷರತ್ತುಗಳನ್ನು ಬರೆಯುವಾಗ ವಿದ್ಯುತ್ ಸಾಮಾನು ಮಾರುವವರು ಬಿಲ್ಲು ಪುಸ್ತಕ ಇಡಬೇಕೆಂಬ ಒಂದು ಸಾಲನ್ನು ಸೇರಿಸುವ ಬಗ್ಗೆ ಸಾಮಾನ್ಯ ಸಭೆಯಲ್ಲಿ ಚರ್ಚಿಸಬಹುದು. ಸಂತೆ ಸುಂಕದ ಮೊತ್ತದ ಬಗ್ಗೆ ನಡೆಯುವಷ್ಟು ಚರ್ಚೆ ಅಲ್ಲಿ ಮಾರುವ ಸರಕಿನ ಬಗ್ಗೆ ನಡೆಯುವುದು ಅಪರೂಪ.

ಗ್ರಾಮಗಳಲ್ಲಿ ಅತ್ಯಂತ ಹೆಚ್ಚು ಕುಟುಂಬಗಳನ್ನು ಒಮ್ಮೆಗೇ ಮುಟ್ಟುವ ದೋಷಯುಕ್ತ ಸರಕು ಬೀಜ. ಇದರ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2012ರ ಜನವರಿ 16ರಂದು ಕೊಟ್ಟ ಒಂದು ತೀರ್ಪನ್ನು ಪ್ರತಿ ಸದಸ್ಯರೂ ತಿಳಿದಿರಬೇಕು. ಅಂದಿನ ಆಂಧ್ರಪ್ರದೇಶದ ರೈತರು ರಾಷ್ಟ್ರೀಯ ಬೀಜ ನಿಗಮದಿಂದ ಬೀಜ ಕೊಂಡು ಬಿತ್ತಿ, ಬೆಳೆ ಕೈಗೆ ಬಾರದೆ, ಜಿಲ್ಲಾ ಗ್ರಾಹಕರ ವೇದಿಕೆಗಳಿಗೆ ಹೋಗಿದ್ದರು. ಅಲ್ಲಿ ರೈತರು ಗೆದ್ದರು. ಕೇಂದ್ರ ಸರ್ಕಾರದ ಉದ್ಯಮವಾದ ನಿಗಮವು ಮೇಲ್ಮನವಿಗಳನ್ನು ಹೂಡುತ್ತ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಬೀಜಕ್ಕೆ 1966ರ ಬೀಜ ಕಾಯ್ದೆ ಪ್ರತ್ಯೇಕವಾಗಿ ಇರುವಾಗ ಗ್ರಾಹಕರ ವೇದಿಕೆಗೆ ಅಧಿಕಾರವಿಲ್ಲ, ಬೆಳೆದು ಮಾರುವ ರೈತರು ಗ್ರಾಹಕರೇ ಅಲ್ಲ, ಬೀಜವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ದೋಷವಿದೆ ಎನ್ನಲಾಗದು ಎಂಬುವು ನಿಗಮದ ಮುಖ್ಯ ವಾದಗಳು.

ನ್ಯಾಯಾಲಯ ಮೂರನ್ನೂ ತಳ್ಳಿಹಾಕಿತು. ಬೀಜ ಕಾಯ್ದೆಯಲ್ಲಿ ಮಾರಿದವರಿಗೆ ಶಿಕ್ಷೆ ಇದೆಯೇ ಹೊರತು ನಷ್ಟಪಟ್ಟ ರೈತನಿಗೆ ಪರಿಹಾರ ಕೊಡಿಸುವ ದಾರಿ ಇಲ್ಲ. ಆ ಶಿಕ್ಷೆಯಾದರೂ ಎಷ್ಟು? ಮೊದಲ ಅಪರಾಧಕ್ಕೆ ಕಾಯ್ದೆ ಬರೆದಿಟ್ಟ ದಂಡದ ಮೇಲ್ಮಿತಿ 500 ರೂಪಾಯಿ. ಆದುದರಿಂದ ಗ್ರಾಹಕ ಸಂರಕ್ಷಣಾ ಕಾಯ್ದೆಯ ದಾರಿ ರೈತನಿಗೆ ತೆರೆದೇ ಇರುತ್ತದೆಂದು ನ್ಯಾಯಾಲಯ ಹೇಳಿತು. ಬಿತ್ತಲು ಬೀಜ ಕೊಂಡ ರೈತನನ್ನು ವ್ಯಾಪಾರಿಯೆಂದು ಕರೆಯಲು ಒಪ್ಪಲಿಲ್ಲ. ಪರೀಕ್ಷೆಯ ಬಗೆಗಿನ ಅದರ ಮಾತು ಎಲ್ಲಕ್ಕಿಂತ ವಿವೇಕದ್ದು: ಕೊಂಡ ಬೀಜವನ್ನೆಲ್ಲ ರೈತ ಬಿತ್ತಿಬಿಡುತ್ತಾನೆ, ಮುಂದೆಂದೋ ಪ್ರಯೋಗಾಲಯಕ್ಕೆ ಬೇಕಾದೀತೆಂದು ಉಳಿಸಿಕೊಳ್ಳುವುದನ್ನು ಅವನಿಂದ ನಿರೀಕ್ಷಿಸಲಾಗದು. ಮಾದರಿ ಇರಬೇಕಾದದ್ದು ಮಾರಿದವರ ಬಳಿ. 1968ರ ಬೀಜ ನಿಯಮಗಳ ಪ್ರಕಾರ ಮಾರಿದ ಪ್ರತಿ ಲಾಟಿನ ಪೂರ್ಣ ದಾಖಲೆಯನ್ನು 3 ವರ್ಷ ಇಡಬೇಕು. ಮಾದರಿಯನ್ನು ಆ ಲಾಟು ಪೂರ್ತಿ ಮಾರಾಟವಾದ 1 ವರ್ಷದ ನಂತರವೇ ವಿಲೇವಾರಿ ಮಾಡಬಹುದು.

ಇಲ್ಲಿಯೇ ಆ ಚಿಕ್ಕ ಚೀಟಿಯ ಬೆಲೆ ತಿಳಿಯುವುದು. ಲಾಟಿನ ಸಂಖ್ಯೆ ಗೊತ್ತಿಲ್ಲದೆ ಯಾವ ಲಾಟಿನ ಮಾದರಿಯನ್ನು ಕೇಳುವುದು? ಬೀಜದ ಚೀಲಕ್ಕೆ ಹೊಲಿದ ಚೀಟಿ, ಪ್ರಮಾಣಿತ ಬೀಜವಾದರೆ ನೀಲಿ ಬಣ್ಣದ್ದು, ಲಾಟು ಸಂಖ್ಯೆ ಮತ್ತು ಪರೀಕ್ಷೆಯ ದಿನಾಂಕಗಳನ್ನು ಹೊತ್ತಿರುತ್ತದೆ. ಬಿತ್ತನೆಯ ದಿನ ಚೀಲವನ್ನು ಕುಡುಗೋಲಿನಿಂದ ಕೊಯ್ದಾಗ ಅದು ಹೊಲದ ಬದುವಿನಲ್ಲಿಯೇ ಬಿದ್ದುಹೋಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ದರಕ್ಕೆ ಕೊಂಡದ್ದೂ ಹಣ ಕೊಟ್ಟು ಕೊಂಡದ್ದೇ. ಆ ರಸೀದಿಗೂ ಇದೇ ಬೆಲೆ. ಬಿತ್ತನೆಗೆ ಮುನ್ನ ನಡೆಯುವ ಗ್ರಾಮ ಸಭೆಯಲ್ಲಿ ಚೀಟಿ, ಬಿಲ್ಲು, ಖಾಲಿ ಚೀಲ ಮತ್ತು ಒಂದು ಹಿಡಿ ಬೀಜವನ್ನು ಬೆಳೆ ಕೊಯ್ಲಾಗುವವರೆಗೆ ಒಟ್ಟಿಗೆ ಕಟ್ಟಿಡಬೇಕೆಂದು ಹೇಳಿದರೆ ಸಾಕು. ಅದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಮೊಳಕೆ ಬಾರದಿದ್ದಾಗ ರೈತನ ಮುಂದೆ ನಿಜವಾದ ಇಕ್ಕಟ್ಟು ಏಳುತ್ತದೆ. ಹದ ತಪ್ಪುವ ಮೊದಲು ಹರಗಿ ಮರುಬಿತ್ತನೆ ಮಾಡಬೇಕು. ಮಾಡಿದರೆ ಹೊಲದಲ್ಲಿದ್ದ ಸಾಕ್ಷ್ಯ ಅಳಿಯುತ್ತದೆ. ಮಳೆ ಅಧಿಕಾರಿಗಳ ಭೇಟಿಗಾಗಿ ಕಾಯುವುದಿಲ್ಲ. ಇಂತಹ ಸಮಯದಲ್ಲಿ ಹೊಲದ ನಡುವೆ ಒಂದೆರಡು ಗುಂಟೆಯನ್ನು ಹರಗದೆ ಬಿಟ್ಟು ಉಳಿದುದನ್ನು ಮರುಬಿತ್ತನೆ ಮಾಡುವುದು ನಡುವಿನ ದಾರಿ. ಅದಕ್ಕೆ ಮೊದಲು ಸರ್ವೆ ನಂಬರು, ದಿನಾಂಕ ಕಾಣುವಂತೆ ಛಾಯಾಚಿತ್ರ ತೆಗೆದು, ಅಕ್ಕಪಕ್ಕದ ಹೊಲದವರ ಸಹಿಯೊಂದಿಗೆ ಒಂದು ಮಹಜರು ಬರೆದು, ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಮಳೆ ಕಡಿಮೆಯಾಯಿತು, ಬೀಜ ಆಳಕ್ಕೆ ಬಿತ್ತು, ಮಣ್ಣು ಸರಿಯಿಲ್ಲ ಎಂಬ ಉತ್ತರಗಳು ಕಂಪನಿಯಿಂದ ಬಂದೇ ಬರುತ್ತವೆ. ಅದಕ್ಕೆ ತಕ್ಕ ಸಾಕ್ಷ್ಯ ಪಕ್ಕದ ಹೊಲ. ಅದೇ ಮಣ್ಣು, ಅದೇ ಮಳೆ, ಬೇರೆ ಲಾಟು. ಅಲ್ಲಿ ಮೊಳಕೆ ಬಂದಿದ್ದರೆ ಮಳೆಯ ಮೇಲೆ ಹಾಕಿದ ತಪ್ಪು ನಿಲ್ಲುವುದು ಕಷ್ಟ. ಒಂದೇ ಲಾಟಿನಿಂದ ಹತ್ತಾರು ರೈತರಿಗೆ ನಷ್ಟವಾಗಿದ್ದರೆ ಆಯೋಗದ ಅನುಮತಿ ಪಡೆದು ಒಂದೇ ದೂರನ್ನು ಎಲ್ಲರ ಪರವಾಗಿ ಕೊಡಬಹುದು. ಯಾವ ಹೊಲಕ್ಕೆ ಯಾವ ಲಾಟು ಎಂಬ ಪಟ್ಟಿಯನ್ನು ಊರಿನಲ್ಲಿ ಕೂಡಿಸಲು ಸದಸ್ಯರಿಗಿಂತ ಅನುಕೂಲವಾದವರು ಇಲ್ಲ.

ಒಂದು ಎಚ್ಚರಿಕೆ. ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು ವಾಣಿಜ್ಯ ಅಥವಾ ಆರ್ಥಿಕ ನಷ್ಟವನ್ನು ಹಾನಿಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಬೆಳೆನಷ್ಟದ ದೂರನ್ನು ಆ ಅಧ್ಯಾಯದ ಮೇಲೆಯೇ ನಿಲ್ಲಿಸಿದರೆ ಎದುರುದಾರರಿಗೆ ಸುಲಭದ ತಕರಾರು ಸಿಗುತ್ತದೆ. ಮೇಲಿನ ತೀರ್ಪಿನ ರೈತರು ಗೆದ್ದ ದಾರಿ ದೋಷಯುಕ್ತ ಸರಕಿನ ಸಾಮಾನ್ಯ ದೂರಿನದು. ಬೀಜದ ವಿಷಯದಲ್ಲಿ ದೂರನ್ನು ಹಾಗೆಯೇ ಬರೆಯುವುದು ಸುರಕ್ಷಿತ.

ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ತೋರಿಸುತ್ತದೆ. ಕೆಂಪು ಅತ್ಯಂತ ತೀವ್ರ. ಅನಂತರ ಹಳದಿ, ನೀಲಿ, ಹಸಿರು. ಒಳಗಿನ ಮಾಹಿತಿ ಪತ್ರವು ಹಿಂದಿ, ಇಂಗ್ಲಿಷಿನ ಜೊತೆಗೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲಿಯೂ ಇರಬೇಕೆಂದು ಕೀಟನಾಶಕ ನಿಯಮಗಳು ಹೇಳುತ್ತವೆ. ಕನ್ನಡದಲ್ಲಿ ಸೂಚನೆಯೇ ಇಲ್ಲದ ಡಬ್ಬಿಯಿಂದ ಸಿಂಪಡಿಸಿ ಅಸ್ವಸ್ಥರಾದವರ ಪ್ರಕರಣದಲ್ಲಿ, ಎಚ್ಚರಿಕೆಯ ಕೊರತೆ ಎಂಬ 84ನೆಯ ಪ್ರಕರಣದ ಐದನೆಯ ಸಂದರ್ಭವನ್ನು ಎತ್ತಬಹುದು. ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನು ಜೊತೆಗೆ ಒಯ್ಯಬೇಕು. ಚಿಕಿತ್ಸೆಗೂ ಅದು ಬೇಕು, ದೂರಿಗೂ ಬೇಕು.

ಅಡುಗೆ ಅನಿಲದ ಅವಘಡಗಳಲ್ಲಿ ಇನ್ನೊಂದು ರಕ್ಷಣೆಯೂ ಇದೆ. ತೈಲ ಕಂಪನಿಗಳು ಸಾರ್ವಜನಿಕ ಹೊಣೆಗಾರಿಕೆ ವಿಮೆಯನ್ನು ಮಾಡಿಸಿರುತ್ತವೆ. ಇದಕ್ಕೆ ಗ್ರಾಹಕರು ಕಂತು ಕಟ್ಟಬೇಕಾಗಿಲ್ಲ. ಅವಘಡವನ್ನು ಕೂಡಲೇ ವಿತರಕರಿಗೆ ಬರಹದಲ್ಲಿ ತಿಳಿಸುವುದು ಮುಖ್ಯ. ಅನಿಲ ಸೋರಿಕೆಗೆ 1906 ಸಂಖ್ಯೆಗೆ ಕರೆ ಮಾಡಬಹುದು.

ದೂರು ಕೊಡುವ ವಿಧಾನ ಜನ ಹೆದರುವಷ್ಟು ಕಠಿಣವಲ್ಲ. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಹೋಗುವುದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ. ಇಲ್ಲಿ ಲೆಕ್ಕಕ್ಕೆ ಬರುವುದು ಕೊಟ್ಟ ಬೆಲೆ, ಕೇಳುವ ಪರಿಹಾರವಲ್ಲ. ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೇ ಇಲ್ಲ. ಹೀಗಾಗಿ 2,000 ರೂಪಾಯಿಯ ಕುಕ್ಕರಿನಿಂದಾದ ಗಾಯಕ್ಕೆ ಎಷ್ಟೇ ಪರಿಹಾರ ಕೇಳಿದರೂ ಒಂದು ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ. ತಯಾರಕರು ಯಾವ ರಾಜ್ಯದಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಇದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ವಕೀಲರು ಕಡ್ಡಾಯವಲ್ಲ. ಬೇಕೆಂದರೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮತ್ತು ಕಡಿಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ದೊರೆಯುತ್ತದೆ. ಆನ್‌ಲೈನ್ ದೂರಿಗೆ ಇ-ಜಾಗೃತಿ ಜಾಲತಾಣವಿದೆ. ಗಣಕಯಂತ್ರವಿರುವ ಅರಿವು ಕೇಂದ್ರಗಳಲ್ಲಿ ಇದಕ್ಕೆ ನೆರವಾಗಬಹುದು. ಮಾಹಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಪ್ರಯೋಗಾಲಯ ಪರೀಕ್ಷೆ ಬೇಡದ ದೂರನ್ನು 3 ತಿಂಗಳಲ್ಲಿ, ಬೇಕಾದುದನ್ನು 5 ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದೆ. ಅನುಭವದಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯುವುದುಂಟು. ಅದನ್ನೂ ಮೊದಲೇ ಹೇಳಿಬಿಡುವುದು ಲೇಸು. ಆದೇಶವನ್ನು ಪಾಲಿಸದವರಿಗೆ 1 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸ ಅಥವಾ ಕನಿಷ್ಠ 25,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಊರಿನ ರಾಜಿಯ ಬಗ್ಗೆ ಒಂದು ಮಾತು ಉಳಿದಿದೆ. ಜಗಳವನ್ನು ಊರಿನಲ್ಲಿಯೇ ತೀರಿಸುವುದು ಕೆಟ್ಟ ಸಂಪ್ರದಾಯವಲ್ಲ. ಕಾಯ್ದೆಯೇ ಮಧ್ಯಸ್ಥಿಕೆಗೆ ಸ್ಥಾನ ಕೊಟ್ಟಿದೆ. ಆದರೆ ಸ್ಥಳೀಯ ಅಂಗಡಿಯವರು ಊರಿನವರೇ, ಸಾಲ ಕೊಡುವವರೇ. ಅವರಿಗೆ ನೋವಾಗದಂತೆ ಮುಗಿಸುವ ಆತುರದಲ್ಲಿ, ಎಲ್ಲಿಯೋ ಕುಳಿತ ತಯಾರಕರ ಹೊಣೆಯೂ ಮಾಫಿಯಾಗಿಬಿಡುತ್ತದೆ. ಉತ್ಪನ್ನ ಹೊಣೆಗಾರಿಕೆಯ ದೂರು ಅನೇಕ ವೇಳೆ ಅಂಗಡಿಯವರ ವಿರುದ್ಧವಾಗಿರಬೇಕಾಗಿಯೇ ಇಲ್ಲ. ಬಿಲ್ಲು ಕೊಟ್ಟ ಅಂಗಡಿಯವರು ದೂರುದಾರರ ಪರ ಒಳ್ಳೆಯ ಸಾಕ್ಷಿಯೂ ಆಗಬಲ್ಲರು. ಇದನ್ನು ಅಂಗಡಿಯವರಿಗೆ ತಿಳಿಸಿ ಹೇಳಿದರೆ ಅವರ ಭಯವೂ ಕಡಿಮೆಯಾಗುತ್ತದೆ. ಔಷಧದ ಖರ್ಚಿಗೆ ಅವರು ಹಣ ಕೊಟ್ಟರೆ ಪಡೆಯಬಹುದು. ಆದರೆ ಇನ್ನು ಮುಂದೆ ಯಾವ ತಕರಾರೂ ಇಲ್ಲವೆಂದು ಬರೆದ ಕಾಗದಕ್ಕೆ ನೊಂದವರಿಂದ ಹೆಬ್ಬೆಟ್ಟು ಒತ್ತಿಸಲು ಸದಸ್ಯರು ಮುಂದಾಗಬಾರದು, ಸಾಕ್ಷಿಯಾಗಿ ಸಹಿಯನ್ನೂ ಹಾಕಬಾರದು. ಸುಟ್ಟ ಗಾಯದ ಚಿಕಿತ್ಸೆ ಎಷ್ಟು ತಿಂಗಳು ಎಳೆಯುತ್ತದೆಂದು ಮೂರನೆಯ ದಿನ ಯಾರಿಗೂ ಗೊತ್ತಿರುವುದಿಲ್ಲ.

ಒಂದೇ ಬಗೆಯ ಸರಕಿನಿಂದ ಹಲವರಿಗೆ ಹಾನಿಯಾಗುತ್ತಿದ್ದರೆ ಅದು ಒಂದು ಮನೆಯ ದೂರಾಗಿ ಉಳಿಯಬೇಕಿಲ್ಲ. ಗ್ರಾಹಕರ ಸಮೂಹದ ಹಕ್ಕಿಗೆ ಧಕ್ಕೆಯಾದಾಗ ಜಿಲ್ಲಾಧಿಕಾರಿಗಳಿಗೆ ದೂರು ಸಲ್ಲಿಸಬಹುದು. ಅವರು ವಿಚಾರಣೆ ನಡೆಸಿ ಕೇಂದ್ರ ಪ್ರಾಧಿಕಾರಕ್ಕೆ ವರದಿ ಕಳುಹಿಸಲು ಕಾಯ್ದೆಯ 16 ಮತ್ತು 17ನೆಯ ಪ್ರಕರಣಗಳಲ್ಲಿ ಅವಕಾಶವಿದೆ. ಅಪಾಯಕಾರಿ ಸರಕನ್ನು ಮಾರುಕಟ್ಟೆಯಿಂದ ಹಿಂತೆಗೆಸುವ ಅಧಿಕಾರ ಆ ಪ್ರಾಧಿಕಾರಕ್ಕಿದೆ. ಗ್ರಾಮ ಸಭೆಯ ನಡಾವಳಿ, ಲಾಟು ಸಂಖ್ಯೆಗಳ ಪಟ್ಟಿ ಮತ್ತು ಛಾಯಾಚಿತ್ರಗಳನ್ನು ಅಂತಹ ದೂರಿಗೆ ಲಗತ್ತಿಸಿದರೆ ಅದರ ತೂಕ ಹೆಚ್ಚುತ್ತದೆ.

ಕೊನೆಯದಾಗಿ ಕಾಲಮಿತಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷಗಳೊಳಗೆ ಆಯೋಗದ ಮುಂದೆ ಹೋಗಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಾ ಕೇಳಬೇಕಾಗುತ್ತದೆ. ಪಂಚಾಯಿತಿ ಕಚೇರಿಯಲ್ಲಿ ಇದಕ್ಕೆಂದು ಒಂದು ಸಾದಾ ವಹಿಯನ್ನು ಇಟ್ಟು, ಘಟನೆಯ ದಿನಾಂಕ, ವಸ್ತುವಿನ ಹೆಸರು, ಬಿಲ್ಲು ಇದೆಯೋ ಇಲ್ಲವೋ, ಒಡೆದ ವಸ್ತು ಯಾರ ವಶದಲ್ಲಿದೆ ಎಂಬ ವಿವರಗಳನ್ನು ಬರೆದು, ಅದೇ ಸಾಲಿನಲ್ಲಿ 2 ವರ್ಷದ ಕೊನೆಯ ದಿನಾಂಕವನ್ನೂ ನಮೂದಿಸತಕ್ಕದ್ದು. ಬಿಲ್ಲು ಕಳೆದಿದ್ದರೂ ದೂರಿನ ಆಸೆ ಬಿಡಬೇಕಿಲ್ಲ. ಫೋನ್ ಮೂಲಕ ಹಣ ಪಾವತಿಸಿದ ವಿವರ, ವಾರಂಟಿ ಕಾರ್ಡಿನ ಮೇಲಿನ ಅಂಗಡಿಯ ಮುದ್ರೆ, ಅಂಗಡಿಯವರ ಹೇಳಿಕೆ ಇವುಗಳೂ ಖರೀದಿಗೆ ಆಧಾರವಾಗುತ್ತವೆ.